ಹಸಿರು ಕಾರಿನ ಎಡಕ್ಕೆ

ಈಗಲೂ ಯಾರಾದರೂ ಫೋನು ಮಾಡಿ ಮನೆಯ ದಾರಿ ಕೇಳಿದರೆ ನಾನು ಹೇಳುವುದಿಲ್ಲ. ಬಸ್ ಸ್ಟಾಪಿನಲ್ಲೇ ನಿಲ್ಲಿ, ನಾನೇ ಬರುತ್ತೇನೆ ಎನ್ನುತ್ತೇನೆ. ಬಿಸಿಲಿದ್ದರೆ ಕೊಡೆ ಹಿಡಿದು ಹೊರಡುತ್ತೇನೆ. ಹೆಂಡತಿಗೆ ಇದೊಂದು ತಮಾಷೆ. "ಇವರು ನಕ್ಷೆ ಬರೆದೇ ಹೊಟ್ಟೆ ಹೊರೆದವರು, ನಮ್ಮ ಗೇಟಿಗೆ ದಾರಿ ಹೇಳ್ಲಿಕ್ಕೆ ಮಾತ್ರ ಬರುವುದಿಲ್ಲ" ಎಂದು ಬಂದವರ ಮುಂದೆ ನಗುತ್ತಾಳೆ. ನಗಲಿ. ಕಾರಣ ಅವಳಿಗೂ ಗೊತ್ತು.

ತೊಂಬತ್ತರ ದಶಕದಲ್ಲಿ ನಾನು ರಿಯಾದಿನ ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಷ್ಟು ದೊಡ್ಡ ರಾಜಧಾನಿಯಲ್ಲಿ ಆಗ ನಮ್ಮಂಥವರಿಗೆ ವಿಳಾಸ ಎಂಬುದೇ ಇರಲಿಲ್ಲ. ಬೀದಿಗೆ ಹೆಸರಿದ್ದರೂ ಯಾರಿಗೂ ಗೊತ್ತಿಲ್ಲ, ಮನೆಗೆ ನಂಬರಿದ್ದರೂ ಯಾರೂ ನೋಡುವುದಿಲ್ಲ. ಕಾಗದಗಳು ಕಂಪನಿಯ ಅಂಚೆ ಪೆಟ್ಟಿಗೆಗೆ ಬರುತ್ತಿದ್ದವು. ಮನೆಗೆ ಬರಬೇಕಾದವರ ಕೈಗೆ ಕೊಡುತ್ತಿದ್ದದ್ದು ಕ್ರೋಕಿ. ಅಂದರೆ ಒಂದು ತುಂಡು ಕಾಗದದ ಮೇಲೆ ಕೈಯಲ್ಲಿ ಬರೆದ ದಾರಿಯ ಚಿತ್ರ. ಮದುವೆಯ ಆಮಂತ್ರಣದ ಹಿಂದೆ ಕ್ರೋಕಿ, ಟೆಲಿಫೋನ್ ಅರ್ಜಿಯ ಜೊತೆಗೆ ಕ್ರೋಕಿ, ಗ್ಯಾಸ್ ಸಿಲಿಂಡರ್ ತರುವವನಿಗೂ ಕ್ರೋಕಿ. ನಮ್ಮ ಊರಿನ ಕಡೆಯವರು ಯಾರು ಮನೆ ಬದಲಿಸಿದರೂ ಮೊದಲು ಬರುತ್ತಿದ್ದದ್ದು ನನ್ನ ಹತ್ತಿರ. ನಾನು ಬರೆದದ್ದನ್ನು ಹಿಡಿದು ಹೊರಟವನು ದಾರಿ ತಪ್ಪುವುದಿಲ್ಲ ಎಂದು ಹೆಸರಿತ್ತು. ನನಗೂ ಸ್ವಲ್ಪ ಕೊಬ್ಬಿತ್ತು ಅನ್ನಿ.

ನಾನು ಮೊದಲ ನಾಲ್ಕು ವರ್ಷ ಇದ್ದದ್ದು ರಿಯಾದಿನ ದಕ್ಷಿಣದ ಒಂದು ಬಡಾವಣೆಯಲ್ಲಿ. ಪೇಟೆಯ ನಡುವಿನ ಬತ್ಹಾದಿಂದ ಅಲ್ಲಿಗೆ ಮಿನಿಬಸ್ಸು. ಬತ್ಹಾ ಎಂದರೆ ನಮ್ಮವರೆಲ್ಲ ಶುಕ್ರವಾರದ ರಜೆಯಲ್ಲಿ ಸೇರುತ್ತಿದ್ದ ಜಾಗ. ಬಸ್ಸಿಗೆ ಬೋರ್ಡಿಲ್ಲ, ನಿಲ್ದಾಣವಿಲ್ಲ, ಟಿಕೇಟಿಲ್ಲ. ತಲೆಗೆ ಕೆಂಪು ಚೌಕಳಿ ಬಟ್ಟೆ ಸುತ್ತಿದ ಮುದುಕ ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ ದಿಕ್ಕು ತೋರಿಸುತ್ತಿದ್ದ, ನಾವು ಓಡಿ ಹತ್ತುತ್ತಿದ್ದೆವು. ಇಳಿಯುವ ಜಾಗ ಬಂದಾಗ "ಅಲಾ ಜಂಬ್" ಎಂದು ಕೂಗಬೇಕು, ಬದಿಗೆ ಹಾಕಪ್ಪಾ ಎಂದು. ಮೆಲ್ಲಗೆ ಹೇಳಿದರೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ನಮ್ಮ ಯಾತ್ರೆ. ಹೊಸಬರಿಗೆಲ್ಲ ಆ ಬಂಕು ಒಮ್ಮೆಯಾದರೂ ನೋಡಿದ ಜಾಗವೇ.

ಎಲ್ಲಿ ಕೂಗಬೇಕು ಎಂಬುದಕ್ಕೆ ಗುರುತುಗಳಿದ್ದವು. ಮೊದಲು ದೂರದಿಂದಲೇ ಕಾಣುವ ನೀರಿನ ಟ್ಯಾಂಕು. ಅದರ ನೆರಳಿನಲ್ಲಿ ಊರಿಗೆ ಫೋನು ಮಾಡುವ ಕ್ಯಾಬಿನ್. ಅಲ್ಲಿಂದ ಒಳಗೆ ಹೋದರೆ ಅಫ್ಘಾನಿಯ ರೊಟ್ಟಿ ಒಲೆ, ಬೆಳಿಗ್ಗೆ ಸಾಲು ನಿಂತು ಬಿಸಿ ತಮೀಸ್ ರೊಟ್ಟಿ ತರುತ್ತಿದ್ದದ್ದು ಅಲ್ಲಿಂದ. ಮುಂದೆ ಬಕಾಲಾ, ನಮ್ಮ ಕಡೆಯ ಜಿನಸಿನಂಗಡಿ. ಆಮೇಲೆ ಹಸಿರು ಕಾರು. ಉದ್ದ ಮೂತಿಯ ಅಮೇರಿಕನ್ ಗಾಡಿ, ಚಕ್ರಗಳನ್ನು ಯಾರೋ ಬಿಚ್ಚಿಕೊಂಡು ಹೋಗಿ ನಾಲ್ಕು ಇಟ್ಟಿಗೆಯ ಮೇಲೆ ನಿಂತಿತ್ತು. ಯಾರದ್ದು, ಯಾವಾಗಿನದ್ದು, ಕೇಳಿದವರಿಲ್ಲ. ಅದರ ಬಾನೆಟ್ಟಿನ ಮೇಲೆ ಬೆಕ್ಕುಗಳು ಮಲಗುತ್ತಿದ್ದವು. ಹಸಿರು ಕಾರಿನ ಎಡಕ್ಕೆ ತಿರುಗಿದರೆ ಎರಡನೇ ಕಟ್ಟಡ, ಮೂರನೇ ಮಾಳಿಗೆ, ನಾವು. ಆ ಕಡೆಯ ಕಟ್ಟಡಗಳೆಲ್ಲ ಒಂದೇ ಮಣ್ಣಿನ ಬಣ್ಣ, ಒಂದೇ ಎತ್ತರ. ಕಾರು ಒಂದಿಲ್ಲದಿದ್ದರೆ ನಾವೇ ಪಕ್ಕದವರ ಬಾಗಿಲು ಬಡಿಯುತ್ತಿದ್ದೆವೋ ಏನೋ.

ಅಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದವನು ನೇತ್ರಾವತಿಯ ಆಚೆ ದಡದವನು. ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನು ನನ್ನನ್ನು ಪೊರ್ಬುಗಳೇ ಎನ್ನುತ್ತಿದ್ದ, ನಮ್ಮ ಕಡೆ ಕ್ರಿಶ್ಚಿಯನರನ್ನು ಹಾಗೆ ಕರೆಯುವುದು. ನಾನು ಅವನನ್ನು ಬ್ಯಾರಿ ಎನ್ನುತ್ತಿದ್ದೆ, ನಮ್ಮ ಕರಾವಳಿಯ ಮುಸ್ಲಿಮರಿಗಿರುವ ಹೆಸರು ಅದು. ಪಾಸ್‌ಪೋರ್ಟಿನಲ್ಲಿ ಇಬ್ಬರಿಗೂ ಬೇರೆ ಹೆಸರುಗಳಿದ್ದವು, ಅವು ವಾಸದ ಪರವಾನಗಿ ಇಕಾಮಾ ತೋರಿಸುವಾಗ ಮಾತ್ರ ನೆನಪಾಗುತ್ತಿದ್ದವು. ನಾನು ಮಾಡಿದ ಮೀನು ಸಾರನ್ನು ಬೈಯುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಅವನ ತಾಯಿಗೆ ಓದು ಬರಹ ಬಾರದು. ಹಾಗಾಗಿ ಅವನು ಊರಿಗೆ ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಎರಡು ತಿಂಗಳಿಗೊಂದು ಕ್ಯಾಸೆಟ್. ಉಮ್ಮ ಅದನ್ನು ಸವೆಯುವವರೆಗೆ ಕೇಳುತ್ತಿದ್ದರಂತೆ. ಮಂಚದ ಮೇಲೆ ಕಾಲು ಮಡಿಸಿ, ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ತನ್ನ ಬ್ಯಾರಿ ಭಾಷೆಯಲ್ಲಿ ಶುರು ಮಾಡಿದರೆ ಒಂದು ಬದಿ ಪೂರ್ತಿ. ಒಮ್ಮೆ ನಾನು ಕೇಳುತ್ತ ಮಲಗಿದ್ದೆ. "ಉಮ್ಮ, ಈಗ ನಾನು ನಿಮಗೆ ಫೋನು ಮಾಡ್ಲಿಕ್ಕೆ ಹೊರಟೆ. ಮೆಟ್ಟಿಲು ಇಳಿದೆ. ಈಗ ಹಸಿರು ಕಾರು ಬಂತು. ಅದರ ಮೇಲೆ ಬೆಕ್ಕು ಉಂಟು. ಈಗ ಬಕಾಲಾ. ಈಗ ರೊಟ್ಟಿಯವನು. ಅವನ ಹತ್ತಿರ ಸ್ವಲ್ಪ ಮಾತಾಡಿದೆ. ಈಗ ಟ್ಯಾಂಕು ಕಾಣ್ತದೆ, ಕ್ಯಾಬಿನ್ನಿಗೆ ಬಂದೆ, ಸಾಲು ಉಂಟು." ಕುಳಿತಲ್ಲೇ ಅಷ್ಟು ದಾರಿ ನಡೆದ.

"ಎಂತ ಮಾರಾಯ, ಆ ಗುಜರಿ ಕಾರಿನ ಸುದ್ದಿಯೂ ಹೇಳ್ಲಿಕ್ಕೆ ಉಂಟಾ?" ಎಂದೆ.

"ಉಮ್ಮನಿಗೆ ದಾರಿ ಗೊತ್ತಿರಬೇಕಲ್ಲ ಪೊರ್ಬುಗಳೇ" ಎಂದ. "ಫೋನು ತಡ ಆದರೆ ನಾನು ಎಲ್ಲಿವರೆಗೆ ಬಂದೆ ಅಂತ ಲೆಕ್ಕ ಹಾಕ್ತಾರೆ."

ಅವರ ಮನೆಯಲ್ಲಿ ಫೋನಿರಲಿಲ್ಲ. ಆ ಸುತ್ತಿನಲ್ಲೆಲ್ಲ ಫೋನಿದ್ದದ್ದು ದೂರದ ಓಣಿಯೊಂದರಲ್ಲಿ, ರೈಲ್ವೆಯಿಂದ ನಿವೃತ್ತರಾದವರ ಮನೆಯಲ್ಲಿ ಮಾತ್ರ. ಅವನು ಇಂಥ ದಿನ ಇಂಥ ಹೊತ್ತಿಗೆ ಎಂದು ಮೊದಲೇ ಹೇಳಿ ಕಳಿಸಬೇಕು, ಉಮ್ಮ ಅಲ್ಲಿಗೆ ನಡೆದು ಹೋಗಿ ಫೋನಿನ ಪಕ್ಕ ಕುಳಿತಿರಬೇಕು, ಇವನು ಕ್ಯಾಬಿನ್ನಿನ ಸಾಲಿನಲ್ಲಿ ನಿಂತು ಅಷ್ಟು ಹೊತ್ತಿಗೆ ಕರೆ ಹಚ್ಚಬೇಕು. ನಾವೆಲ್ಲ ಹಾಗೆಯೇ ಮಾತಾಡಿದವರು. ಕೂತು ಕಾಯುವ ಅರ್ಧ ಕೆಲಸ ಯಾವಾಗಲೂ ಊರಿನವರದ್ದು.

ಐದನೇ ವರ್ಷ ಕಂಪನಿ ನನಗೆ ಫ್ಯಾಮಿಲಿ ವೀಸಾ ಕೊಟ್ಟಿತು. ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ನಾನು ರಿಯಾದಿನ ಉತ್ತರದ ತುದಿಯಲ್ಲಿ ಕಂಪನಿ ಕೊಟ್ಟ ಫ್ಲಾಟಿಗೆ ಹೋದೆ. ಅಲ್ಲಿ ಫೋನಿತ್ತು, ಆದರೆ ಹೊರದೇಶಕ್ಕೆ ಮಾಡುವ ಸೌಲಭ್ಯ ಇರಲಿಲ್ಲ. ಬರುವ ಕರೆ ಬರುತ್ತಿತ್ತು, ಹೋಗುತ್ತಿರಲಿಲ್ಲ. ಬ್ಯಾರಿ ನನ್ನ ನಂಬರನ್ನು ತನ್ನ ಮನೆಗೆ ಕೊಟ್ಟಿದ್ದ, ಅವಸರಕ್ಕೆ ಇರಲಿ ಎಂದು. ಅವನು ಎರಡು ವಾರಕ್ಕೊಮ್ಮೆ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ನಾನು ಅವನಲ್ಲಿಗೆ ಹೋಗಲಿಲ್ಲ. ಒಂದು ವರ್ಷವಾಗುತ್ತ ಬಂದರೂ ಒಂದು ಸಲವೂ ಆ ಬಡಾವಣೆಗೆ ಕಾಲಿಡಲಿಲ್ಲ. ದೂರ, ಬಿಸಿಲು, ಎರಡು ಬಸ್ಸು. ನೆವಗಳಿಗೆ ಬರವಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ಬ್ಯಾರಿಯ ತಂಗಿ. ಉಮ್ಮನಿಗೆ ಹೃದಯದ ಆಪರೇಶನ್, ನಾಳೆ ಬೆಳಿಗ್ಗೆಯೇ ಎಂದು ಡಾಕ್ಟರು ಗಟ್ಟಿ ಮಾಡಿದ್ದಾರೆ, ಇವತ್ತು ಸಂಜೆ ಆರಕ್ಕೆ ಆಸ್ಪತ್ರೆಗೆ ಸೇರಿಸಬೇಕು. "ಉಮ್ಮ ಮಧ್ಯಾಹ್ನ ಮೂರರಿಂದ ಇಲ್ಲಿ ಫೋನಿನ ಹತ್ತಿರ ಕೂತಿರ್ತಾರೆ. ಅಣ್ಣನಿಗೆ ಹೇಗಾದರೂ ಹೇಳಿ. ಅವನ ದನಿ ಒಂದು ಕೇಳಿದರೆ ಅವರಿಗೆ ಧೈರ್ಯ ಬರ್ತದೆ" ಎಂದಳು. ಊರು ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಆರು ಎಂದರೆ ನಮ್ಮಲ್ಲಿ ಮೂರೂವರೆ.

ಬ್ಯಾರಿಯ ಕೋಣೆಯಲ್ಲಿ ಫೋನಿಲ್ಲ, ನಾನೇ ಹೋಗಬೇಕಿತ್ತು. ಹೋಗಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ತೇರ್ಸ್, ಜಪಮಾಲೆಯ ಪ್ರಾರ್ಥನೆ. ನಾಲ್ಕು ಕುಟುಂಬಗಳು ಒಂದೊಂದೇ ಹೊತ್ತಿಗೆ, ಯಾರ ಕಣ್ಣಿಗೂ ಬೀಳದ ಹಾಗೆ ಬಂದು ಸೇರುವ ದಿನ. ಆ ದೇಶದಲ್ಲಿ ನಮ್ಮ ಪ್ರಾರ್ಥನೆಗೆ ಅನುಮತಿಯಿಲ್ಲ, ಹಾಗಾಗಿ ಕಿಟಕಿ ಮುಚ್ಚಿ, ಮೆಲುದನಿಯಲ್ಲಿ ಹೇಳಿ, ಊಟ ಮಾಡಿ ಹೋಗುವುದು. ಮನೆಯ ಯಜಮಾನನೇ ಇಲ್ಲದಿದ್ದರೆ ಹೇಗೆ ಎಂದುಕೊಂಡೆ. ಕೆಳಗಿನ ಮನೆಯಲ್ಲಿ ನಮ್ಮ ಕಂಪನಿಯ ಪಿಕಪ್ ಓಡಿಸುವ ಪಠಾಣ ಇದ್ದ. ಒಳ್ಳೆಯ ಮನುಷ್ಯ. ಜುಮ್ಮಾ ನಮಾಜು ಮುಗಿಸಿ ಹೋಗಿ ಹೇಳಿ ಬರುತ್ತೇನೆ ಎಂದು ಒಪ್ಪಿದ. ಅವನಿಗೆ ಯಾವ ಲಿಪಿಯೂ ಬಾರದು. ಆದ್ದರಿಂದ ನಾನು ಅಕ್ಷರವಿಲ್ಲದ ಕ್ರೋಕಿ ಬರೆದೆ. ಟ್ಯಾಂಕು ಬರೆದೆ, ಒಲೆ ಬರೆದೆ, ಬಕಾಲಾದ ಬಾಗಿಲಿನ ಬಾಳೆಗೊನೆ ಬರೆದೆ. ಮಗಳಿಗೆಂದು ತಂದಿಟ್ಟ ಬಣ್ಣದ ಪೆನ್ಸಿಲಿನಿಂದ ಕಾರಿಗೆ ಹಸಿರು ಬಣ್ಣ ಹಚ್ಚಿದೆ, ಬಾನೆಟ್ಟಿನ ಮೇಲೆ ಬೆಕ್ಕನ್ನೂ ಕೂರಿಸಿದೆ. ಹುಟ್ಟಿದ ಮೇಲೆ ಅಷ್ಟು ಚಂದದ ಕ್ರೋಕಿ ನಾನು ಬರೆದದ್ದಿಲ್ಲ. ಪಠಾಣ ನೋಡಿ ತಲೆದೂಗಿದ. "ಬಸ್, ಹರಾ ಗಾಡಿ ಢೂಂಢನಾ ಹೈ" ಎಂದ, ಹಸಿರು ಗಾಡಿ ಹುಡುಕಿದರಾಯಿತು ಎಂದು.

ಒಂದು ಗಂಟೆಗೆ ಅವನು ಹೊರಟ. ನಾವು ಪ್ರಾರ್ಥನೆಗೆ ಕುಳಿತೆವು. ಬ್ಯಾರಿಯ ಉಮ್ಮನಿಗಾಗಿ ಎಂದು ಹೆಂಡತಿ ಒಂದು ನಮಾನ್ ಮೊರಿಯೆ, ಮರಿಯಮ್ಮನ ಜಪ, ಹೆಚ್ಚಿಗೆ ಹೇಳಿಸಿದಳು. ಆ ಹೊತ್ತಿಗೆ ತಾಯಿ ಮಗ ಮಾತಾಡಿ ಆಗಿರುತ್ತದೆ ಎಂದು ನಾನು ಮನಸ್ಸಿನಲ್ಲೇ ಸಮಾಧಾನಪಟ್ಟುಕೊಂಡಿದ್ದೆ.

ಮೂರಕ್ಕೆ ಹತ್ತು ನಿಮಿಷವಿರುವಾಗ ಪಠಾಣ ಬಾಗಿಲು ತಟ್ಟಿದ. ಕೈಯಲ್ಲಿ ನನ್ನ ಕ್ರೋಕಿ. ಟ್ಯಾಂಕು ಸಿಕ್ಕಿತಂತೆ, ಒಲೆ ಸಿಕ್ಕಿತಂತೆ, ಬಕಾಲಾ ಸಿಕ್ಕಿತಂತೆ. ಹಸಿರು ಕಾರು ಸಿಗಲಿಲ್ಲ. ಸುತ್ತಲಿನ ಬೀದಿಗಳನ್ನೆಲ್ಲ ಏಳೆಂಟು ಸಲ ಸುತ್ತಿದೆ, ಶುಕ್ರವಾರ ಮಧ್ಯಾಹ್ನ, ಕೇಳೋಣವೆಂದರೆ ಒಂದು ನರಪಿಳ್ಳೆ ಇಲ್ಲ ಎಂದ. ಪಾಪ, ಬೆವರಿ ತೊಪ್ಪೆಯಾಗಿದ್ದ.

ಎಲೆಯ ಮುಂದೆ ಕುಳಿತ ಅತಿಥಿಗಳನ್ನು ಹಾಗೆಯೇ ಬಿಟ್ಟು ಟ್ಯಾಕ್ಸಿ ಹಿಡಿದು ಓಡಿದೆ. ಬಕಾಲಾ ದಾಟಿದ ಮೇಲೆ ಟ್ಯಾಕ್ಸಿಯವನಿಗೆ ನಿಲ್ಲು ಎನ್ನಲು ಬಾಯಿ ತೆರೆದೆ, ಎಲ್ಲಿ ನಿಲ್ಲಿಸಬೇಕೆಂದು ನನಗೇ ತಿಳಿಯಲಿಲ್ಲ. ನಾಲ್ಕು ವರ್ಷ ಇದ್ದ ಬೀದಿ, ನಾನು ಗುರುತು ಹಿಡಿಯಲಾರದೆ ನಡುರಸ್ತೆಯಲ್ಲಿ ನಿಂತೆ. ಆಮೇಲೆ ನೆಲದ ಮೇಲೆ ನಾಲ್ಕು ಇಟ್ಟಿಗೆ ಕಂಡವು. ನಡುವೆ ಎಣ್ಣೆಯ ಕಪ್ಪು ಕಲೆ. ಕಲೆಯ ಮೇಲೆ ಬೆಕ್ಕೊಂದು ಮಲಗಿತ್ತು.

ಎಡಕ್ಕೆ ತಿರುಗಿ ಎರಡನೇ ಕಟ್ಟಡ. ಬ್ಯಾರಿ ಕೋಣೆಯಲ್ಲೇ ಇದ್ದ. ಊಟ ಮಾಡಿ ಮಲಗಿದ್ದ, ಎಲ್ಲಿಗೂ ಹೋಗಿರಲಿಲ್ಲ. ನಾನು ಹೇಳಿದ್ದು ಅರ್ಥವಾದ ಕೂಡಲೇ ಲುಂಗಿಯಲ್ಲೇ ಓಡಿದ. ಕ್ಯಾಬಿನ್ ಇಳಿಹೊತ್ತಿನ ಅಸರ್ ನಮಾಜಿಗೆ ಮುಚ್ಚಿತ್ತು. ಮುಚ್ಚಿದ ಗಾಜಿನ ಬಾಗಿಲಿನ ಮುಂದೆ ಇಬ್ಬರೂ ನಿಂತೆವು. ಬಾಗಿಲು ತೆರೆದು, ಸಾಲು ಸಿಕ್ಕಿ, ಆಚೆ ಕಡೆಯವರು ಎತ್ತಿದಾಗ ಊರಿನಲ್ಲಿ ಆರೂ ಇಪ್ಪತ್ತು. ಉಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಕಾಲು ಗಂಟೆಯಾಯಿತು ಎಂದರು.

ಆಪರೇಶನ್ ಆಯಿತು. ಉಮ್ಮನಿಗೆ ಪ್ರಜ್ಞೆ ಬರಲಿಲ್ಲ. ಮೂರನೇ ದಿನ ತೀರಿಕೊಂಡರು. ಪಾಸ್‌ಪೋರ್ಟು ಕೆಲಸ ಕೊಟ್ಟ ಧಣಿ ಕಫೀಲನ ಬಳಿ, ಕಫೀಲ ಮದೀನಾಕ್ಕೆ ಹೋಗಿದ್ದ. ಅವನು ಬಂದು ಕಾಗದಕ್ಕೆ ಸಹಿ ಹಾಕುವ ಮೊದಲೇ ಮಣ್ಣು ಮಾಡಿ ಆಗಿತ್ತು.

ನಾನು ಕ್ರೋಕಿಯನ್ನು ತೆಗೆದುಕೊಂಡು ಹೋಗಿ ಬ್ಯಾರಿಯ ಮುಂದಿಟ್ಟೆ. ತಪ್ಪು ನನ್ನದು ಎಂದೆ. ಅವನು ಅದನ್ನು ಬಹಳ ಹೊತ್ತು ನೋಡಿದ. "ಕಾರು ಎತ್ತಿಕೊಂಡು ಹೋಗಿ ಎರಡು ತಿಂಗಳಾಯಿತು ಪೊರ್ಬುಗಳೇ. ಮುನಿಸಿಪಾಲಿಟಿಯವರ ಕ್ರೇನು ಬಂದಿತ್ತು" ಎಂದ. ಆಮೇಲೆ, "ಬೆಕ್ಕು ಚಂದ ಬಂದಿದೆ" ಎಂದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಡ್ರಾಫ್ಟ್ಸ್‌ಮನ್ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಮಾತು, ಸೈಟಿಗೆ ಹೋಗಿ ನೋಡದೆ ಗೆರೆ ಎಳೆಯಬೇಡ ಎಂಬುದು. ವರ್ಷಗಟ್ಟಲೆ ಅದನ್ನು ಬೇರೆಯವರಿಗೆ ಹೇಳಿದವನು ನಾನು.

ಆ ಮೇಲೆ ಆ ಕಾರು ನನ್ನನ್ನು ಬಿಡಲಿಲ್ಲ. ಆಫೀಸಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ಹಾಡುಹಗಲಲ್ಲೇ, ಯಾವುದೋ ಅಡ್ಡರಸ್ತೆಯ ಮೂಲೆಯಲ್ಲಿ ಕಾಣುತ್ತಿತ್ತು. ಇಟ್ಟಿಗೆಯ ಮೇಲೆ, ಮೂತಿ ನನ್ನ ಕಡೆಗೆ. "ಅಲಾ ಜಂಬ್" ಎಂದು ಕೂಗಿ ಇಳಿದು ನೋಡಿದ್ದೂ ಉಂಟು. ಒಮ್ಮೆ ಅದು ಹಸಿರು ಕಸದ ತೊಟ್ಟಿ, ಒಮ್ಮೆ ಏನೂ ಇಲ್ಲ. ಬಿಸಿಲಿನಲ್ಲಿ ನಿಂತು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಕ್ರೋಕಿ ಬರೆದುಕೊಡಿ ಎಂದು ಬಂದವರಿಗೆ ಕೈ ನೋವು ಎಂದೆ. ನೋವೇನೂ ಇರಲಿಲ್ಲ, ಹೆದರಿಕೆಯಿತ್ತು.

ಎರಡು ತಿಂಗಳ ಮೇಲೆ ಬ್ಯಾರಿ ಊಟಕ್ಕೆ ಬಂದ. ಊಟವಾದ ಮೇಲೆ, "ನನಗೊಂದು ಕ್ರೋಕಿ ಬೇಕು" ಎಂದ.

"ಎಲ್ಲಿಯದ್ದು?"

"ನಮ್ಮ ಮನೆಯಿಂದ ಫೋನಿನ ಮನೆಗೆ. ಉಮ್ಮ ಅವತ್ತು ಹೋದ ದಾರಿ."

"ನಾನು ನೋಡದ ಜಾಗ ಮಾರಾಯ. ಇನ್ನು ನಾನು ನೋಡದೆ ಬರೆಯುವುದಿಲ್ಲ."

"ನಾನು ಹೇಳ್ತೇನೆ, ನೀವು ಬರೀರಿ. ಮತ್ತೆ ರಜೆಗೆ ಹೋದಾಗ ಸರಿ ಉಂಟಾ ಅಂತ ನಡೆದು ನೋಡಿ. ನನಗೆ ಅಲ್ಲಿ ನಡೀಲಿಕ್ಕೆ ಆಗುವುದಿಲ್ಲ." ಮತ್ತೆ ಹೇಳಿದ, "ಒಂದೇ ಯೋಚನೆ ಪೊರ್ಬುಗಳೇ. ಅಷ್ಟು ದೂರ ನಡೆದು ಹೋಗಿ, ಅಷ್ಟು ಹೊತ್ತು ಕೂತು, ಮಗ ಮರೆತ ಅಂತ ಎಣಿಸಿಕೊಂಡೇ ಆಸ್ಪತ್ರೆಗೆ ಹೋದರಾ ಅಂತ. ಅದು ಇನ್ನು ಯಾರ ಹತ್ತಿರ ಕೇಳುವುದು?"

ಟ್ರೇಸಿಂಗ್ ಕಾಗದ ತಂದು ಹಾಸಿದೆ. ಅವನು ಹೇಳುತ್ತ ಹೋದ. ಮನೆ, ರೈಲು ಗೇಟು, ಐಸ್ ಪ್ಲಾಂಟು, ಬಲೆ ಒಣಗಿಸುವ ಬಯಲು, ಮುಚ್ಚಿದ ಹಂಚಿನ ಕಾರ್ಖಾನೆಯ ಚಿಮಣಿ, ಮದರಸದ ಸುಣ್ಣದ ಗೋಡೆ, ನೀಲಿ ಗೇಟು. ಉಮ್ಮನಿಗೆ ಏದುಸಿರು, ಐಸ್ ಪ್ಲಾಂಟಿನ ಕಟ್ಟೆಯಲ್ಲಿ ಒಮ್ಮೆ ಕುಳಿತೇ ಕುಳಿತುಕೊಳ್ಳುತ್ತಾರೆ ಎಂದ. ಅಲ್ಲೊಂದು ಸಣ್ಣ ಗುರುತು ಹಾಕಿದೆ.

ಮರುವರ್ಷ ನಾನು ರಜೆಗೆ ಬರುವ ಹೊತ್ತಿಗೆ ಬ್ಯಾರಿ ಕೆಲಸ ಬದಲಿಸಿ ಅಲ್ ಅಹ್ಸಾ ಎಂಬ ಬೇರೆ ಊರಿಗೆ ಹೋಗಿದ್ದ. ಇಂಥ ಭಾನುವಾರ ಸಂಜೆ ಐದಕ್ಕೆ ಫೋನಿನ ಮನೆಗೆ ಕರೆ ಮಾಡುತ್ತೇನೆ, ನೀವು ಅಲ್ಲಿರಿ ಎಂದಿದ್ದ. ಕಾಗದ ಹಿಡಿದು ನಡೆದೆ. ಎಲ್ಲ ಇತ್ತು. ಗೇಟು, ಐಸ್ ಪ್ಲಾಂಟು, ಚಿಮಣಿ, ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಕಟ್ಟೆಯ ಮೇಲೆ ನಾನೂ ಸ್ವಲ್ಪ ಕುಳಿತೆ. ನನಗೇ ಇಪ್ಪತ್ತೆರಡು ನಿಮಿಷ ಬೇಕಾಯಿತು.

ಫೋನಿನ ಮನೆಯ ಯಜಮಾನತಿ, ಓಣಿಗೆಲ್ಲ ಅಕ್ಕ, ಚಾ ಕೊಟ್ಟು ಫೋನಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. "ಉಮ್ಮ ಕೂತದ್ದು ಇದರಲ್ಲೇ" ಎಂದರು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೇಳಲು ಧೈರ್ಯವಿರಲಿಲ್ಲ, ಆದರೂ ಕೇಳಿದೆ. ಅವತ್ತು ಅವರು ಬೇಸರ ಮಾಡಿಕೊಂಡರಾ?

"ಬೇಸರ ಎಂತಕ್ಕೆ?" ಎಂದರು ಅಕ್ಕ. "ಮೂರು ಗಂಟೆ ಹೊತ್ತು ಅವರದ್ದು ಒಂದೇ ಮಾತು. ಈಗ ಮೆಟ್ಟಿಲು ಇಳಿದ, ಈಗ ಬಂದ, ಈಗ ಬಂದ ಅಂತ. ಮಗಳು ಆಟೋ ತಂದು ಸಾಕು ಏಳಿ ಅಂದಳು. ಏಳ್ಲಿಕ್ಕೆ ಮನಸ್ಸೇ ಇಲ್ಲ ಅವರಿಗೆ. ಹೋಗುವಾಗ ನನ್ನ ಕೈ ಹಿಡಿದು ಹೇಳಿದ್ರು, ಹಸಿರು ಕಾರಿನ ತನಕ ಬಂದಿದ್ದಾನೆ ಅಕ್ಕ, ಈಗ ಫೋನು ಬರ್ತದೆ, ನಾನು ಕಾಯ್ತಾ ಇದ್ದೆ ಅಂತ ಹೇಳಿ ಅಂತ. ಅದು ಯಾವ ಕಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಅದೇ ಹೊತ್ತಿಗೆ ಫೋನು ಬಡಿಯಿತು.

"ಎಷ್ಟು ನಿಮಿಷ ಆಯಿತು ಪೊರ್ಬುಗಳೇ?" ಬ್ಯಾರಿಯ ದನಿ.

"ಇಪ್ಪತ್ತೆರಡು. ಕ್ರೋಕಿ ಸರಿ ಉಂಟು" ಎಂದೆ. ಆಮೇಲೆ ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಒಂದು ಶಬ್ದ ಬಿಡದೆ.

ಆಚೆಯಿಂದ ಅವನು ಮೂಗು ಏರಿಸಿಕೊಂಡದ್ದು ಕೇಳಿತು.

"ಆ ಕಾರು ಎತ್ತಿಕೊಂಡು ಹೋದದ್ದನ್ನು ಕ್ಯಾಸೆಟ್ಟಿನಲ್ಲಿ ಹೇಳುವ ಅಂತ ಇದ್ದೆ" ಎಂದ ಬ್ಯಾರಿ. "ಮರೆತುಹೋಗಿತ್ತು. ಮರೆತದ್ದು ಒಳ್ಳೇದಾಯಿತು."